ಬೈಲಪ್ಪನ ಥಿಯೇಟರ್ ಪೆಟ್ಟಿಗೆ

ನಗುವವರು ಮೊದಲೇ ನಕ್ಕುಬಿಡಿ. ಈ ಕತೆ ಹೇಳುವಾಗ ಅರ್ಧ ದಾರಿಯವರೆಗೆ ನಾನೂ ನಗುತ್ತೇನೆ, ಆಮೇಲೆ ನನ್ನ ಕೈಲಾಗುವುದಿಲ್ಲ.

ಮಾಗಡಿಯಿಂದ ಹುಲಿಯೂರುದುರ್ಗದ ಕಡೆ ಹೋಗುವ ರಸ್ತೆಯಲ್ಲಿ ಒಂದು ಊರು. ಆ ಊರಲ್ಲಿ ಒಬ್ಬ ತಾಯಿ, ಒಬ್ಬ ಮಗ. ತಾಯಿ ಹೊಂಬಾಳಮ್ಮ. ಮಗ ಗವಿರಂಗ, ಎಲ್ಲರ ಬಾಯಲ್ಲಿ ಗವಿ. ವಯಸ್ಸು ಇಪ್ಪತ್ತಾರು, ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಬುದ್ಧಿ ಮಾತ್ರ ಹೊಸಿಲ ಹತ್ತಿರವೇ ಎಲ್ಲೋ ಕೂತುಬಿಟ್ಟಿತ್ತು. ಸುಳ್ಳು ಹೇಳಿದವನಲ್ಲ, ಕದ್ದವನಲ್ಲ, ಎದುರು ಮಾತಾಡಿದವನಲ್ಲ. ಹೇಳಿದ ಕೆಲಸ ಮಾಡುತ್ತಿದ್ದ. ಹೇಳಿದಷ್ಟೇ ಮಾಡುತ್ತಿದ್ದ, ಹೇಳಿದ ಹಾಗೆಯೇ ಮಾಡುತ್ತಿದ್ದ. ಅದೇ ಹೊಂಬಾಳಮ್ಮನ ಹಣೆಬರಹವಾಗಿತ್ತು.

ಅಪ್ಪ ಬೈಲಪ್ಪ ಮದುವೆ ವಿಡಿಯೋ ತೆಗೆಯುವವನು. ಲೈಟು ಹಿಡಿಯಲು ಮಗನನ್ನೇ ಕರೆದುಕೊಂಡು ಹೋಗುತ್ತಿದ್ದ. ಒಂದು ಮದುವೆಯಲ್ಲಿ, ಹೆಣ್ಣಿನ ಮುಖದ ಮೇಲಿಂದ ಲೈಟು ಕದಲಿಸಬೇಡ ಅಂದ. ಗವಿ ಕದಲಿಸಲಿಲ್ಲ. ಹೆಣ್ಣು ಊಟಕ್ಕೆ ಕೂತರೆ ಎದುರಿಗೆ ಲೈಟು. ಹೆಣ್ಣು ಅವ್ವನ ಕುತ್ತಿಗೆ ತಬ್ಬಿ ಅತ್ತರೆ ಮೂಗಿನ ಹತ್ತಿರ ಲೈಟು. ಹೆಣ್ಣನ್ನು ಕಾರಿಗೆ ಹತ್ತಿಸಿದರೆ ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಲೈಟು ಹಿಡಿದು ಕೂತ ಗವಿ. ಮರುದಿನ ಗಂಡಿನ ಊರಿಂದ ಫೋನು ಬಂತು, ಬಂದು ನಿಮ್ಮ ಹುಡುಗನನ್ನು ಕರೆದುಕೊಂಡು ಹೋಗಿ, ಕೋಣೆಯೊಳಕ್ಕೂ ಬರ್ತೀನಿ ಅಂತಾನೆ ಅಂತ. ಊರೆಲ್ಲ ಹೊಟ್ಟೆ ಹಿಡಿದು ನಕ್ಕಿತು. ಬೈಲಪ್ಪನೂ ನಕ್ಕ. ಹೊಂಬಾಳಮ್ಮ ಒಬ್ಬಳೇ ಒಲೆ ಮುಂದೆ ಕೂತು ಅತ್ತಳು. ನಮ್ಮಿಬ್ಬರ ಕಾಲ ಮುಗಿದ ಮೇಲೆ ಇವನನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಅವಳ ಚಿಂತೆ.

ಇಬ್ಬರಲ್ಲಿ ಒಬ್ಬರ ಕಾಲ ಬೇಗ ಮುಗಿಯಿತು. ಕಳೆದ ಕಾರ್ತೀಕದಲ್ಲಿ ಎದೆ ಹಿಡಿದುಕೊಂಡು ಜಗುಲಿ ಮೇಲೆ ಕೂತ ಬೈಲಪ್ಪ ಮತ್ತೆ ಏಳಲಿಲ್ಲ.

ಈಗ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಿತ್ತು. ನಮ್ಮ ಕಡೆ ಅದು ಹಿರಿಯರ ಹಬ್ಬ. ಸತ್ತವರ ಫೋಟೋ ಇಟ್ಟು, ಮುಂದೆ ಬಾಳೆಎಲೆ ಹಾಸಿ, ಅವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಬಡಿಸಿ, ಸಾಂಬ್ರಾಣಿ ಹೊಗೆ ಹಾಕಿ, ಬಾಗಿಲು ಮುಚ್ಚಿಕೊಂಡು ಮನೆಯವರೆಲ್ಲ ಹೊರಗೆ ಕೂರುತ್ತಾರೆ. ಸತ್ತವರು ಬಂದು ಉಂಡು ಹೋಗುತ್ತಾರೆ, ಅವರು ಉಣ್ಣುವಾಗ ನೋಡಬಾರದು. ಸ್ವಲ್ಪ ಹೊತ್ತಾದ ಮೇಲೆ ಹೊರಗಿಂದ ಕೆಮ್ಮಿ, ಅವರಿಗೆ ಗೊತ್ತಾಗುವಂತೆ ಮಾಡಿ, ಆಮೇಲೆ ಬಾಗಿಲು ತೆಗೆಯುತ್ತಾರೆ. ಬೈಲಪ್ಪನಿಗೆ ಇದು ಮೊದಲನೇ ಎಡೆ.

ಹೊಂಬಾಳಮ್ಮನಿಗೆ ಒಂದೇ ಒಂದು ಆಸೆ ಇತ್ತು. ಗಂಡನ ಧ್ವನಿ ಅವಳಿಗೆ ಮರೆತುಹೋಗುತ್ತಿತ್ತು. ಮೊದಲು ಬೆಳಗ್ಗೆ ಏಳುವಾಗ ಕಿವಿಯಲ್ಲೇ ಇರುತ್ತಿತ್ತು, ಈಗ ಎಷ್ಟು ನೆನೆಸಿಕೊಂಡರೂ ಬೇರೆ ಯಾರದೋ ಧ್ವನಿ ಬರುತ್ತಿತ್ತು. ಮದುವೆಯಾಗಿ ಹೋದ ಮಗಳು ಯಶೋದೆಯ ಹತ್ತಿರವೂ ಇದನ್ನು ಹೇಳಿಕೊಳ್ಳಲು ಅವಳಿಗೆ ನಾಚಿಕೆ. ಹತ್ತು ತಿಂಗಳಿಗೇ ಗಂಡನ ದನಿ ಮರೆತ ಹೆಂಗಸು ಎಂಥ ಹೆಂಗಸು ಅಂತ ತನ್ನನ್ನು ತಾನೇ ಬಯ್ದುಕೊಳ್ಳುತ್ತಿದ್ದಳು.

ಮೂವತ್ತು ವರ್ಷ ಊರಿನ ಮುಖಗಳನ್ನೆಲ್ಲ ತೆಗೆದವನ ಮುಖವನ್ನು ಯಾರೂ ತೆಗೆದಿರಲಿಲ್ಲ. ಯಾವಾಗಲೂ ಕ್ಯಾಮರಾದ ಹಿಂದೆಯೇ ಇದ್ದವನು. ಗೋಡೆ ಮೇಲೆ ಕಟ್ಟು ಹಾಕಿಸಿದ ಫೋಟೋ ಒಂದಿತ್ತು, ಬ್ಯಾಂಕಿನವರಿಗೆ ಬೇಕೆಂದು ತೆಗೆಸಿದ ಸಣ್ಣದನ್ನು ದೊಡ್ಡದು ಮಾಡಿಸಿದ್ದು. ಇನ್ನೊಂದು ಇತ್ತು, ಎರಡೇ ನಿಮಿಷದ ವಿಡಿಯೋ. ಯಾವುದೋ ಮದುವೆ ಮುಗಿದು ಸಾಮಾನು ಕಟ್ಟುವಾಗ ಬೈಲಪ್ಪ ಕ್ಯಾಮರಾ ಹಿಡ್ಕೋ ಅಂತ ಮಗನ ಕೈಗೆ ಕೊಟ್ಟಿದ್ದ. ನಿಲ್ಲಿಸು ಅನ್ನಲು ಮರೆತಿದ್ದ. ಗವಿ ಹಿಡಿದುಕೊಂಡೇ ನಿಂತಿದ್ದ, ಕ್ಯಾಮರಾ ಓಡುತ್ತಲೇ ಇತ್ತು. ಆ ರಾತ್ರಿ ಊಟಕ್ಕೆ ಕೂತಾಗ ಬೈಲಪ್ಪ ಅದನ್ನು ಹೇಳಿಕೊಂಡು ನಕ್ಕಿದ್ದು, ನಿನ್ನ ಮಗ ನನ್ನನ್ನೂ ಹೀರೋ ಮಾಡಿಬಿಟ್ಟ ಅಂದದ್ದು ಹೊಂಬಾಳಮ್ಮನಿಗೆ ನೆನಪಿತ್ತು. ಹೇಳಿದ ಮಾತು ನೆನಪಿತ್ತು, ಹೇಳಿದ ದನಿ ನೆನಪಿರಲಿಲ್ಲ.

ಆ ವಿಡಿಯೋ ಇದ್ದದ್ದು ಥಿಯೇಟರ್ ಪೆಟ್ಟಿಗೆಯಲ್ಲಿ. ಅದೊಂದು ಕಪ್ಪು ಕಂಪ್ಯೂಟರು. ಟಿವಿಗೆ ಜೋಡಿಸಿದರೆ ಮನೆಯೇ ಥಿಯೇಟರು ಅಂತ ಬೈಲಪ್ಪ ಬಿಡಿಭಾಗ ತಂದು ತಾನೇ ಕೂಡಿಸಿದ್ದು. ಅವನು ಹೋದ ಮೇಲೆ ಅವನ ವಿಡಿಯೋ ಅಂಗಡಿ ಖಾಲಿ ಮಾಡುವಾಗ ಗೆಳೆಯ ಇಲಿಯಾಸ್ ಅದನ್ನು ತನ್ನ ಟಿವಿ ರಿಪೇರಿ ಅಂಗಡಿಯಲ್ಲಿ ಇಟ್ಟುಕೊಂಡಿದ್ದ. ಯಶೋದೆ ಗೌರಿಹಬ್ಬಕ್ಕೆ ಬಂದಾಗ ತಾಯಿಗೆ ಹೊಸ ಟಿವಿ ತಂದುಕೊಟ್ಟಿದ್ದಳು, ಗೋಡೆಯಗಲದ್ದು. ಪೆಟ್ಟಿಗೆ ತಂದು ಈ ಟಿವಿಗೆ ಜೋಡಿಸಿದರೆ ಗಂಡ ಬಂದು ಮಾತಾಡುತ್ತಾನೆ. ಎಡೆಯ ದಿನಕ್ಕೆ ಅಷ್ಟಾದರೆ ಸಾಕು ಅಂದುಕೊಂಡಳು ಹೊಂಬಾಳಮ್ಮ.

ಮಗನನ್ನು ಕರೆದಳು. ಇಲಿಯಾಸಣ್ಣನ ಅಂಗಡಿಗೆ ಹೋಗು, ಅಪ್ಪನ ಪೆಟ್ಟಿಗೆ ತಗೊಂಡು ಬಾ, ಪೆಟ್ಟಿಗೆ ಒಂದೇ ತಾ, ಅಲ್ಲಿರೋ ಹಾಳುಮೂಳೆಲ್ಲ ಹೊತ್ಕೊಂಡು ಬರಬೇಡ ಅಂದಳು. ಗವಿ ಹೋದ. ಪೆಟ್ಟಿಗೆಗೆ ಎರಡು ತಂತಿ ಸಿಕ್ಕಿಸಿತ್ತು, ಒಂದು ಕರೆಂಟಿನದು, ಒಂದು ಟಿವಿಯದು. ಪೆಟ್ಟಿಗೆ ಒಂದೇ ತಾ ಅಂದಿದ್ದಳಲ್ಲ. ಎರಡನ್ನೂ ಕಿತ್ತು ಅಲ್ಲೇ ಹಾಕಿ, ಬರೀ ಪೆಟ್ಟಿಗೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಬಂದ.

ಹೊಂಬಾಳಮ್ಮ ಹಣೆ ಚಚ್ಚಿಕೊಂಡಳು. "ತಂತಿ ಇಲ್ದಿರೋ ಪೆಟ್ಟಿಗೇಲಿ ರಾಗಿ ತುಂಬಿಡ್ಲೇನ್ಲಾ? ಏನೇ ತಂದ್ರೂ ತಂತಿ ಸಮೇತ ತರ್ಬೇಕು."

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ" ಅಂದ ಗವಿ.

ಅಷ್ಟರಲ್ಲಿ ನಾಲ್ಕು ಹನಿ ಮಳೆ ಬಿತ್ತು. ಎದುರುಮನೆ ಲಿಂಗಮ್ಮ ಸಂತೆಗೆ ಹೋಗಿದ್ದಳು, ಅವಳ ಸೀರೆ ಹಿತ್ತಲಲ್ಲಿ ಒಣಗುತ್ತಿತ್ತು. ಹೋಗಿ ತಗೊಂಡು ಬಾರೋ ಅಂದಳು ತಾಯಿ. ಗವಿ ಹೋದ. ಸೀರೆ ತಂತಿ ಮೇಲಿತ್ತು. ಏನೇ ತಂದರೂ ತಂತಿ ಸಮೇತ ತರಬೇಕು. ಈ ಕಡೆ ಗೋಡೆಯ ಮೊಳೆ ಕಿತ್ತ, ಆ ಕಡೆ ನುಗ್ಗೆಮರದ ಗಂಟು ಬಿಚ್ಚಿದ. ಸೀರೆ, ಲಂಗ, ದುಪ್ಪಟಿ, ಮೊಮ್ಮಗನ ಚಡ್ಡಿ, ಎಲ್ಲವನ್ನೂ ತಂತಿ ಸಮೇತ ಕೆಸರಲ್ಲಿ ಎಳೆದುಕೊಂಡು ಬೀದಿ ದಾಟಿ ಬಂದ. ಸಂತೆಯಿಂದ ಬಂದ ಲಿಂಗಮ್ಮ ಬೀದಿಯಲ್ಲಿ ನಿಂತು ಆಡಬಾರದ್ದನ್ನೆಲ್ಲ ಆಡಿದಳು. ಹೊಂಬಾಳಮ್ಮ ಎಲ್ಲ ಬಟ್ಟೆಯನ್ನೂ ಎರಡು ಸಲ ಒಗೆದು ಕೊಟ್ಟಳು.

"ಬೇರೆಯವರ ಹತ್ರ ಏನಾದ್ರೂ ತರೋವಾಗ ನಮ್ಗೆ ಬೇಕಾದ್ದಷ್ಟೇ ತಗೋಬೇಕು ಕಣಪ್ಪ. ಮಿಕ್ಕಿದ್ದನ್ನ ಎಲ್ಲೈತೋ ಅಲ್ಲೇ ಬಿಟ್ಟು ಬರ್ಬೇಕು."

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಮರುದಿನ, ಪೆಟ್ಟಿಗೆಯ ತಂತಿ ತಗೊಂಡು ಬಾ ಅಂತ ಕಳಿಸಿದಳು. ನಮಗೆ ಬೇಕಾದದ್ದು ತಂತಿ ಕಣೋ ಅಂತ ಎರಡು ಸಲ ಹೇಳಿದಳು. ಆ ಎರಡನೇ ಸಲವೇ ಕೆಲಸ ಕೆಡಿಸಿತು. ಇಲಿಯಾಸ್ ನಮಾಜಿಗೆ ಹೋಗಿದ್ದ, ಅಂಗಡಿ ತೆರೆದೇ ಇತ್ತು. ಗವಿ ನೋಡಿದ. ತಂತಿ ಇದೆ, ತಂತಿಯ ಎರಡೂ ತುದಿಗೆ ತಲೆ ಇದೆ. ಬೇಕಾದದ್ದು ತಂತಿ. ಮಿಕ್ಕಿದ್ದನ್ನು ಎಲ್ಲಿದೆಯೋ ಅಲ್ಲೇ ಬಿಡಬೇಕು. ಮೇಜಿನ ಮೇಲಿದ್ದ ಕಟ್ಟಿಂಗ್ ಪ್ಲೇಯರ್ ತೆಗೆದುಕೊಂಡ. ಎರಡು ತಂತಿಯ ನಾಲ್ಕು ತಲೆಯನ್ನೂ ಕತ್ತರಿಸಿ, ಮೇಜಿನ ಮೇಲೆ ಸಾಲಾಗಿ ಜೋಡಿಸಿಟ್ಟು, ನಡುವಿನ ತಂತಿ ಸುತ್ತಿಕೊಂಡು ಮನೆಗೆ ಬಂದ. ಸ್ವಿಚ್ಚು ಆರಿಸಿತ್ತು, ಅದಕ್ಕೆ ಬದುಕಿದ.

ಇಲಿಯಾಸ್ ಹಿಂದೆಯೇ ಸೈಕಲ್ಲಿನಲ್ಲಿ ಬಂದ. ಜೇಬಿನಲ್ಲಿ ನಾಲ್ಕು ತಲೆ, ಕೈಯಲ್ಲಿ ಎರಡು ಹೊಸ ತಂತಿ, ಪೆಟ್ಟಿಗೆಗೆ ಬೇಕಾದ ಒಂದು ಮೌಸು. ಬಯ್ಯಲೆಂದೇ ಬಂದವನು ಹೊಂಬಾಳಮ್ಮನ ಮುಖ ನೋಡಿ ತಂದದ್ದನ್ನೆಲ್ಲ ಜಗುಲಿ ಮೇಲಿಟ್ಟ. ಬೈಲಪ್ಪನ ಮಗ ಅಲ್ವಾ ಅತ್ತಿಗೆ, ಬಿಡಿ ಅಂದ. ಬಿಡದವಳು ತಾಯಿ.

"ತಲೆ ಇಲ್ದಿರೋದು ಯಾತಕ್ಕೂ ಬರಲ್ಲ ಕಣ್ಲಾ, ನಿನ್ನ ಹಂಗೆ. ತಲೆ ಇಲ್ಲ ಅಂತ ಕಂಡ್ರೆ ಎಲ್ಲಿದ್ರೂ ಹುಡುಕಿ ತಂದು ಸೇರಿಸ್ಬೇಕು. ತಿಳೀತಾ?"

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಇಲಿಯಾಸನಿಗೆ ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದರು. ಫೋನಿನಲ್ಲಿ ಹೇಳ್ತೀನಿ, ಹೇಳಿದ ಹಾಗೆ ಮಾಡು ಅಂತ ಗವಿಗೆ ಹೇಳಿ ಹೋದ. ಗವಿ ಜೋಡಿಸಿದ. ಪೆಟ್ಟಿಗೆ ಗುಂಯ್ ಅಂದಿತು, ಟಿವಿ ಮಾತ್ರ ಸಿಗ್ನಲ್ ಇಲ್ಲ ಅಂತ ಬರೆದುಕೊಂಡು ನಿಂತಿತು. ಟಿವಿ ಬೆನ್ನಿನಲ್ಲಿ ಮೂರು ತೂತು ಇದೆ, ತಂತಿ ಯಾವ ತೂತಿನಲ್ಲಿದೆಯೋ ರಿಮೋಟಿನಲ್ಲೂ ಅದೇ ನಂಬರು ಆರಿಸಬೇಕು ಅಂದ ಇಲಿಯಾಸ್. ಗವಿ ಆರಿಸಿದ. ಸರಿಯಾಗಿ ಆರಿಸಿದ, ಅದನ್ನೂ ಹೇಳಬೇಕು, ಇಲ್ಲದಿದ್ದರೆ ನನ್ನ ಬಾಯಿಗೆ ಹುಳ ಬೀಳುತ್ತದೆ. ಟಿವಿ ತುಂಬ ಬೆಳಕು ಬಂತು. ಸಾಲುಸಾಲು ಮದುವೆಗಳ ಹೆಸರು, ಕಟ್ಟಕಡೆಯಲ್ಲಿ ಬೈಲಪ್ಪ ಕನ್ನಡದಲ್ಲಿ ಬರೆದಿಟ್ಟ ಒಂದು ಹೆಸರು: ಗವಿ ತೆಗೆದದ್ದು.

ಹೊಂಬಾಳಮ್ಮ ಸೆರಗು ಸರಿಮಾಡಿಕೊಂಡು ಬಂದು ಎದುರಿಗೆ ಕೂತಳು. ಗಂಡ ಊರಿಂದ ಬಂದಾಗ ಕೂರುತ್ತಿದ್ದ ಹಾಗೆ ಕೂತಳು.

ಬಂದ. ಬಿಳೀ ಅಂಗಿ ಬಂತು, ಅಂಗಿಯ ಜೇಬಿನಲ್ಲಿ ಬೀಡಿ ಕಟ್ಟು ಬಂತು, ಆ ದಪ್ಪ ಕೈ ಬಂತು, ಕೈಯಲ್ಲಿ ವೈರು ಸುತ್ತುತ್ತಿದ್ದದ್ದು ಬಂತು. ಕುತ್ತಿಗೆಯಿಂದ ಮೇಲೆ ಬರಲಿಲ್ಲ. ಪೆಟ್ಟಿಗೆ ಕಳಿಸಿದ ಚಿತ್ರವನ್ನು ಟಿವಿ ತನ್ನಷ್ಟಕ್ಕೆ ಹಿಗ್ಗಿಸಿ, ನಾಲ್ಕೂ ಕಡೆಯ ಅಂಚನ್ನು ನುಂಗಿಬಿಟ್ಟಿತ್ತು. ಮೇಲಿನ ಅಂಚಿನಲ್ಲೇ ಇತ್ತು ಬೈಲಪ್ಪನ ಮುಖ. ದನಿಯೂ ಇರಲಿಲ್ಲ. ತಲೆಯಿಲ್ಲದ ಗಂಡ ಸದ್ದಿಲ್ಲದೆ ವೈರು ಸುತ್ತುತ್ತಿದ್ದ.

ಅದೂ ಪಿತೃಪಕ್ಷದಲ್ಲಿ. ತಲೆ ಇಲ್ಲವಲ್ಲೋ, ಅವರ ತಲೆ ಇಲ್ಲವಲ್ಲೋ ಅನ್ನುತ್ತ ಹೊಂಬಾಳಮ್ಮ ಎದ್ದು ಒಳಗೆ ಹೋಗಿ ದೇವರ ಮುಂದೆ ಕೂತುಬಿಟ್ಟಳು.

ಗವಿಗೆ ತಾಯಿ ಅತ್ತರೆ ತಡೆಯುತ್ತಿರಲಿಲ್ಲ. ತಲೆ ಇಲ್ಲ ಅಂತ ಕಂಡರೆ ಎಲ್ಲಿದ್ದರೂ ಹುಡುಕಿ ತಂದು ಸೇರಿಸಬೇಕು. ಅಪ್ಪನ ತಲೆ ಎಲ್ಲಿದೆ? ಗೋಡೆ ಮೇಲಿದೆ. ಕಟ್ಟು ಬಿಚ್ಚಿದ, ಗಾಜು ತೆಗೆದ, ಕತ್ತರಿ ತಂದ. ಕಿವಿ ಕೂಡ ಹಾಳಾಗದ ಹಾಗೆ, ಅಷ್ಟು ಜೋಪಾನವಾಗಿ ತಲೆಯನ್ನು ಕತ್ತರಿಸಿಕೊಂಡ. ಅನ್ನದ ಅಗುಳು ಅರೆದು ಹಿಂದೆ ಬಳಿದು, ಟಿವಿಯ ಮೇಲಂಚಿಗೆ, ವಿಡಿಯೋ ಮುಗಿದು ನಿಂತಿದ್ದ ಬಿಳೀ ಅಂಗಿಯ ಕುತ್ತಿಗೆಗೆ ಸರಿಯಾಗಿ ಅಂಟಿಸಿದ. ಆಮೇಲೆ ತಾಯಿಯನ್ನು ಕೂಗಿದ, ಬಾರವ್ವ, ಅಪ್ಪ ಪೂರ್ತಿ ಬಂದವ್ರೆ ಅಂತ.

ಈ ಮಾತು ಹೇಳಿದಾಗಲೆಲ್ಲ ನಮ್ಮ ಊರಿನವರು ಬಿದ್ದು ಬಿದ್ದು ನಗುತ್ತಾರೆ. ನಾನೂ ನಗುತ್ತಿದ್ದೆ. ಹೊಂಬಾಳಮ್ಮ ಒಳಗಿಂದ ಬಂದು, ಟಿವಿ ನೋಡಿ, ಗೋಡೆ ಮೇಲಿನ ಖಾಲಿ ಕಟ್ಟು ನೋಡಿ, ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತದ್ದನ್ನು ಯಾರೂ ಹೇಳುವುದಿಲ್ಲ. ಎಡೆಗೆ ಇಡಬೇಕಾದ ಫೋಟೋ ಅದು. ಅಂಟಿದ್ದನ್ನು ಬಿಡಿಸಲು ಹೋದರೆ ಹಣೆ ಹರಿಯಿತು.

"ಇವತ್ತಿಂದ ನೀನಾಗೇ ಏನೂ ಮಾಡ್ಬೇಡ. ಕೈಕಟ್ಟಿ ಕೂತ್ಕೊಂಡು ಸುಮ್ನೆ ನೋಡು. ಅಷ್ಟೇ."

"ಹೂಂ ಕಣವ್ವ, ಇನ್ಮೇಲೆ ಹಂಗೇ ಮಾಡ್ತೀನಿ."

ಈಗ ಆ ವಿಡಿಯೋ ಒಂದೇ ಉಳಿದಿತ್ತು. ಹೊಂಬಾಳಮ್ಮ ಇಲಿಯಾಸನಿಗೆ ಫೋನು ಮಾಡಿ, ಎಡೆಗೆ ಫೋಟೋ ಇಲ್ಲ, ಟಿವಿಯಲ್ಲೇ ಅವರನ್ನು ತರಬೇಕು, ತಲೆ ಕಾಣೋ ಹಾಗೆ ಮಾಡಿಕೊಡಪ್ಪ ಅಂತ ಬೇಡಿಕೊಂಡಳು. ಇಲಿಯಾಸ್ ಫೋನಿನಲ್ಲೇ ಗವಿಗೆ ಹೇಳಿಕೊಟ್ಟ. ಚಿತ್ರದ ಅಳತೆ ಇರೋ ಜಾಗಕ್ಕೆ ಹೋಗು, ಮೂರನೇ ಸಾಲು ಒತ್ತು. ಗವಿ ಒತ್ತಿದ. ಟಿವಿ ಒಂದು ಸಲ ಕಪ್ಪಾಗಿ, ಚಿತ್ರ ನಾಲ್ಕೂ ಅಂಚಿಗೆ ಸರಿಯಾಗಿ ಕೂತಿತು. ಬಂತಾ ಅಂದ ಇಲಿಯಾಸ್. ಬಂತು ಅಂದ ಗವಿ. ಇಲಿಯಾಸ್ ಫೋನಿಟ್ಟ. ಸ್ವಲ್ಪ ಹೊತ್ತಿಗೆ ಟಿವಿ ಮತ್ತೆ ಕಪ್ಪಾಗಿ, ಮೊದಲಿನ ಹಾಗೇ ಅಂಚು ನುಂಗಿಕೊಂಡು ಕೂತಿತು. ಮತ್ತೆ ಫೋನು, ಮತ್ತೆ ಮೂರನೇ ಸಾಲು, ಮತ್ತೆ ಬಂತು, ಮತ್ತೆ ಹೋಯಿತು. ಹೀಗೆ ಐದು ಸಲ. ಐದನೇ ಸಲಕ್ಕೆ ಇಲಿಯಾಸನಿಗೆ ಅನುಮಾನ ಬಂತು. ಪೆಟ್ಟಿಗೆ ಏನಾದರೂ ಕೇಳುತ್ತದಾ ಅಂತ ವಿಚಾರಿಸಿದ.

"ಕೇಳ್ತದಣ್ಣ. ಅಂಕಿ ಬೇರೆ ಎಣಿಸ್ತದೆ. ಅವ್ವ ಏನೂ ಮಾಡ್ಬೇಡ, ಸುಮ್ನೆ ನೋಡು ಅಂದವ್ಳೆ. ನೋಡ್ತಾ ಕೂತಿವ್ನಿ."

ಇಲಿಯಾಸ್ ಗಿರಾಕಿಗಳ ಮುಂದೆಯೇ ಕೂಗಾಡಿದ. ಅಳತೆ ಬದಲಾಯಿಸಿದರೆ ಪೆಟ್ಟಿಗೆ, ಹೀಗೇ ಇರಲಾ ಅಂತ ಕೇಳುತ್ತದೆ. ಹೌದು ಅನ್ನಬೇಕು. ಅನ್ನದಿದ್ದರೆ ಹದಿನೈದು ಎಣಿಸಿ ಎಲ್ಲವನ್ನೂ ಮೊದಲಿನ ಹಾಗೇ ಮಾಡಿಬಿಡುತ್ತದೆ. "ಪೆಟ್ಟಿಗೆ ಏನೇ ಕೇಳ್ಲಿ, ಟಿವೀಲಿ ಎಡಗಡೆ ಕಾಣೋ ಗುಂಡಿ ಒತ್ತು. ಯೋಚನೆ ಮಾಡೋಕೆ ಹೋಗ್ಬೇಡ."

"ಹೂಂ ಕಣಣ್ಣ, ಇನ್ಮೇಲೆ ಹಂಗೇ ಮಾಡ್ತೀನಿ."

ಅಳತೆ ನಿಂತಿತು. ಆದರೆ ಯಾವುದೋ ಮದುವೆ ಹಾಕಿ ನೋಡಿದರೆ ದನಿ ಇಲ್ಲ, ಚಿತ್ರ ತಡೆದು ತಡೆದು ಓಡುತ್ತದೆ. ಹಬ್ಬದ ಹಿಂದಿನ ದಿನ ಇಲಿಯಾಸ್ ಅಂಗಡಿ ಮುಚ್ಚಿ ತಾನೇ ಬಂದ. ದನಿ ಟಿವಿಗೆ ಹೋಗದೆ ಪೆಟ್ಟಿಗೆಯ ಇನ್ನೊಂದು ತೂತಿಗೆ ಹೋಗುತ್ತಿತ್ತು, ಅದನ್ನು ತಿರುಗಿಸಿದ. ಪೆಟ್ಟಿಗೆಯ ಹೊಟ್ಟೆ ತುಂಬಿಹೋಗಿದೆ, ಅದಕ್ಕೇ ಏದುಸಿರು ಬಿಡುತ್ತಿದೆ ಅಂದ. ಕೊಟ್ಟು ಮುಗಿಸಿದ ಮದುವೆಗಳನ್ನೆಲ್ಲ ಡಿಲೀಟ್ ಮಾಡಬೇಕು. ಗವಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ. ಹೆಸರಿನ ಮೇಲೆ ಒತ್ತು, ಡಿಲೀಟ್ ಅನ್ನು. ಕೇಳುತ್ತದೆ, ಎಡಗಡೆ ಗುಂಡಿ ಒತ್ತು. ಅದು ಹೋಗಿ ಕಸದ ಬುಟ್ಟಿಗೆ ಬೀಳುತ್ತದೆ. ಬುಟ್ಟಿಯಲ್ಲಿ ಕಸ ಬಿಡಬಾರದು, ಬುಟ್ಟಿಯನ್ನೂ ಖಾಲಿ ಮಾಡು. ಮತ್ತೆ ಕೇಳುತ್ತದೆ, ಮತ್ತೆ ಎಡಗಡೆ ಗುಂಡಿ. ಗವಿ ಒಂದಾದ ಮೇಲೊಂದು ಮೂವತ್ತೆಂಟು ಮದುವೆ ತೆಗೆದುಹಾಕಿದ. ಒಂದೂ ತಪ್ಪಲಿಲ್ಲ. ಇಲಿಯಾಸ್ ಬೆನ್ನು ತಟ್ಟಿದ. ಹುಟ್ಟಿದಾಗಿನಿಂದ ಗವಿಯ ಬೆನ್ನು ತಟ್ಟಿದವರು ಕಡಿಮೆ, ಅವನ ಮುಖ ಅಷ್ಟಗಲವಾಯಿತು.

ಉಳಿಸಿಕೊಂಡಿದ್ದ ಒಂದು ಮದುವೆ ಹಾಕಿ ನೋಡಿದರು. ಮೇಳದ ಸದ್ದು ಮನೆ ತುಂಬಿತು, ಎಲ್ಲರಿಗೂ ತಲೆ ಇತ್ತು. ಬೈಲಪ್ಪನದೂ ಹಾಕಲಾ ಅತ್ತಿಗೆ ಅಂತ ಇಲಿಯಾಸ್ ಕೇಳಿದ. ಹೊಂಬಾಳಮ್ಮ ಬೇಡ ಅಂದಳು. ನಾಳೆ ಅವರಿಗೆ ಎಡೆ ಇಟ್ಟ ಮೇಲೆ, ಅವರು ಮೊದಲು ಉಣ್ಣಲಿ, ಆಮೇಲೆ ನೋಡುತ್ತೇನೆ. ಹತ್ತು ತಿಂಗಳು ಕಾದವಳಿಗೆ ಒಂದು ದಿನ ಯಾವ ಲೆಕ್ಕ ಅಂದಳು.

ಹಬ್ಬದ ದಿನ ಯಶೋದೆ ಬಂದಳು. ಮಧ್ಯಾಹ್ನಕ್ಕೆಲ್ಲ ಅಡುಗೆ ಆಯಿತು. ಟಿವಿಯ ಮುಂದೆ ಎಲೆ ಹಾಕಿ ಮುದ್ದೆ, ಕೋಳಿಸಾರು, ವಡೆ, ಕಜ್ಜಾಯ ಬಡಿಸಿದರು, ಹೊಸ ಪಂಚೆ ಮಡಿಸಿಟ್ಟರು. ಅಪ್ಪಂಗೆ ಏನೇನು ಇಷ್ಟವೋ ಎಲ್ಲ ತಂದು ಎಡೆ ಮುಂದೆ ಇಡೋ ಅಂತ ತಾಯಿ ಮಗನಿಗೆ ಹೇಳಿದಳು, ಬೀಡಿ ಕಟ್ಟು ಮತ್ತು ಎಲೆಅಡಿಕೆ ತರಲಿ ಅಂತ. ಗವಿ ಬೀಡಿ ಇಟ್ಟ, ಎಲೆಅಡಿಕೆ ಇಟ್ಟ, ಲೈಟು ಸ್ಟ್ಯಾಂಡು ಇಟ್ಟ. ಆಮೇಲೆ ಬೀದಿಗೆ ಹೋಗಿ ಇಲಿಯಾಸನನ್ನು ಕೈಹಿಡಿದು ಎಳೆದುಕೊಂಡು ಬಂದು, ಎಲೆಯ ಮುಂದೆ ಮುದ್ದೆಯ ಪಕ್ಕದಲ್ಲಿ ಕೂರಿಸಿದ. ಅಪ್ಪಂಗೆ ಇಲಿಯಾಸಣ್ಣ ಅಂದ್ರೆ ಇಷ್ಟ ಅಲ್ವಾ ಅಂದ.

ಯಶೋದೆಗೂ ನಗು ತಡೆಯಲಿಲ್ಲ. ಹೊಂಬಾಳಮ್ಮನ ತಾಳ್ಮೆ ಮುಗಿದಿತ್ತು. ಅವಳು ಬೆಳಗಿನಿಂದ ಉಪವಾಸ ಇದ್ದಳು.

"ಬದುಕಿದ್ದಾಗ ಅಪ್ಪ ಹೇಳಿದ್ದನ್ನ ಒಂದಿನ ನೆಟ್ಟಗೆ ನಡೆಸ್ಲಿಲ್ಲ ನೀನು. ಇವತ್ತು ಬರ್ತಾರೆ ಅವ್ರು. ಇವತ್ತಾದ್ರೂ ಅವ್ರು ಏನು ಹೇಳ್ತಾರೋ ಹಂಗೇ ಮಾಡು."

ಆ ಮಾತು ಗವಿಗೆ ಎಲ್ಲೋ ನಾಟಿತು. "ಹೂಂ ಕಣವ್ವ, ಹಂಗೇ ಮಾಡ್ತೀನಿ" ಅಂದ.

ಬಾಗಿಲು ಮುಚ್ಚುವ ಹೊತ್ತಾಯಿತು. ಒಳಗೆ ಯಾರಾದರೂ ಒಬ್ಬರು ಇದ್ದು ವಿಡಿಯೋ ಶುರು ಮಾಡಬೇಕು. ಬದುಕಿರುವವರು ಒಳಗೆ ಇರಬಾರದು ಅಂತ ಯಶೋದೆ ತಕರಾರು ತೆಗೆದಳು. ಹೊಂಬಾಳಮ್ಮ ಗವಿಯನ್ನೇ ಇರು ಅಂದಳು. ಅವನನ್ನು ಕಂಡರೆ ಅವರ ಅಪ್ಪ ಸಂಕೋಚಪಡುವುದಿಲ್ಲ, ಅವನಿಗೆ ನೋಡಿದ್ದು ಏನು, ನೋಡದ್ದು ಏನು ಅಂದಳು. ಒಂದು ಸಲ ಅವರಿಗಾಗಿ ಹಾಕಲಿ, ಕೆಮ್ಮಿ ಬಾಗಿಲು ತೆಗೆದ ಮೇಲೆ ನಮಗಾಗಿ ಇನ್ನೊಂದು ಸಲ ಹಾಕಲಿ. ಮೂವರೂ ಹೊರಗೆ ಬಂದು ಜಗುಲಿ ಮೇಲೆ ಕೂತರು. ಸಾಂಬ್ರಾಣಿ ಹೊಗೆ ಬಾಗಿಲ ಸಂದಿಯಿಂದ ಬರುತ್ತಿತ್ತು.

ಒಳಗೆ ಮೊದಲು ಗದ್ದಲ ಕೇಳಿಸಿತು, ಕುರ್ಚಿ ಮಡಿಸುವ ಸದ್ದು, ಯಾರೋ ಪಾತ್ರೆ ಎಳೆಯುವ ಸದ್ದು. ಆಮೇಲೆ ಬೈಲಪ್ಪ ಮಾತಾಡಿದ.

"ಏಯ್, ಕೆಂಪು ಲೈಟು ಉರೀತೈತಲ್ಲೋ. ನನ್ನೇನ್ಲಾ ತೆಗೀತಿದ್ದೀಯ? ಈ ಮುಸುಡೀನ ಯಾರ್ ನೋಡ್ತಾರೆ?"

ಹೊಂಬಾಳಮ್ಮ ಬಾಗಿಲಿಗೆ ಕೈಯಿಟ್ಟಳು. ಅದೇ ದನಿ. ಒಂದಿಷ್ಟು ಗೊಗ್ಗರು, ಕೊನೆಗೆ ಬರುವಾಗ ನಗು ಸೇರಿದ್ದು. ಹತ್ತು ತಿಂಗಳು ಹುಡುಕಿದ್ದು ಮುಚ್ಚಿದ ಬಾಗಿಲ ಆಚೆಯಿಂದ ಬಂತು. "ನಾನು ನೋಡ್ತೀನಿ ಕಣಯ್ಯ" ಅಂದಳು ಮೆಲ್ಲಗೆ, "ನಾನು ನೋಡ್ತೀನಿ."

ಒಳಗೆ ಬೈಲಪ್ಪ ನಕ್ಕ. "ಸಾಕು ಬಿಡ್ಲಾ. ಡಿಲೀಟ್ ಮಾಡು ಅದನ್ನ" ಅಂದ. ಅಲ್ಲಿಗೆ ನಿಂತಿತು.

ಅವಳಿಗೆ ಆಗಲೇ ಬಾಗಿಲು ತಳ್ಳಬೇಕು ಅನ್ನಿಸಿತು. ಆದರೆ ಸತ್ತವರು ಉಣ್ಣುವ ಹೊತ್ತು, ಅವಸರ ಮಾಡಬಾರದು. ಗಂಡ ಬಿಸಿ ಮುದ್ದೆ ಉಣ್ಣಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದ್ದನೋ ಅಷ್ಟು ಹೊತ್ತು ಕಣ್ಣೊರೆಸಿಕೊಳ್ಳುತ್ತ ಕೂತಳು. ಆಮೇಲೆ ಮೂರು ಸಲ ಕೆಮ್ಮಿ ಬಾಗಿಲು ತೆಗೆದಳು.

ಟಿವಿಯಲ್ಲಿ ಖಾಲಿ ನೀಲಿ ಇತ್ತು. ಗವಿ ಎದುರಿಗೆ ಕೂತಿದ್ದ, ಬೆನ್ನು ತಟ್ಟಿಸಿಕೊಂಡ ದಿನದ ಮುಖ ಇಟ್ಟುಕೊಂಡು.

"ಅಪ್ಪ ಹೇಳಿದ್ ಮಾಡ್ದೆ ಕಣವ್ವ" ಅಂದ.

ಇಲಿಯಾಸನಿಗೆ ಮೊದಲು ಅರ್ಥವಾಯಿತು. ಓಡಿಹೋಗಿ ಪೆಟ್ಟಿಗೆಯ ಮುಂದೆ ಕೂತ. ಬುಟ್ಟಿ ನೋಡಿದ. ಬುಟ್ಟಿ ಖಾಲಿ. ಅದು ಕೇಳಲಿಲ್ಲವೇನೋ ಗವಿ, ನಿಜವಾಗಿಯೂ ತೆಗೆಯಲಾ ಅಂತ ಕೇಳಲಿಲ್ಲವಾ ಅಂದ. ಎರಡು ಸಲ ಕೇಳಿತು, ಎರಡು ಸಲವೂ ಎಡಗಡೆ ಗುಂಡಿ ಒತ್ತಿದೆ ಅಂದ ಗವಿ. ಆಮೇಲೆ ಇಲಿಯಾಸ್ ಆ ಪೆಟ್ಟಿಗೆಯನ್ನು ಎಲ್ಲೆಲ್ಲಿಗೋ ಹೊತ್ತ, ತನಗಿಂತ ತಿಳಿದವರ ಕೈಲಿ ಬಿಚ್ಚಿಸಿದ, ಏನೂ ಬರಲಿಲ್ಲ. ಅದನ್ನು ಇಲ್ಲೇ ಹೇಳಿಬಿಡುತ್ತೇನೆ, ಬಂದೀತು ಅಂತ ನೀವು ಕಾಯುವುದು ಬೇಡ. ಆ ದಿನ ಗವಿಗೆ ಡಿಲೀಟ್ ಮಾಡಲು ಬರುತ್ತಿರಲಿಲ್ಲ, ಡಿಲೀಟ್ ಮಾಡು ಅಂದ ಬೈಲಪ್ಪನೇ ಅದನ್ನು ಡಿಲೀಟ್ ಮಾಡಿರಲಿಲ್ಲ. ಮಗನ ಹೆಸರು ಬರೆದು ಜೋಪಾನ ಮಾಡಿಟ್ಟಿದ್ದ. ಬಾಯಲ್ಲಿ ಒಂದು ಹೇಳಿ ಕೈಯಲ್ಲಿ ಇನ್ನೊಂದು ಮಾಡುವುದು ನಮಗೆಲ್ಲ ಗೊತ್ತು, ಗವಿಗೆ ಗೊತ್ತಿರಲಿಲ್ಲ.

ಹೊಂಬಾಳಮ್ಮ ಎಲೆಯ ಪಕ್ಕದಲ್ಲಿ ಕುಸಿದು ಕೂತಳು. ತಲೆಯಿಲ್ಲದ ಮೈ ನೋಡಿದ್ದಳು, ಮುಖವಿಲ್ಲದ ದನಿ ಕೇಳಿದ್ದಳು. ಎರಡನ್ನೂ ಕೂಡಿಸಿ ನೋಡಲು ಇನ್ನು ಆಗುವುದಿಲ್ಲ ಅಂತ ಅವಳಿಗೆ ತಿಳಿಯಿತು. ಬಯ್ಯಲು ಬಾಯಿ ತೆರೆದಳು. ಏನಂತ ಬಯ್ಯುವುದು? ಅಪ್ಪ ಹೇಳಿದ ಹಾಗೆ ಮಾಡು ಅಂದವಳು ಅವಳೇ. ಏನೇ ಕೇಳಿದರೂ ಗುಂಡಿ ಒತ್ತು ಅಂದವನು ಇಲಿಯಾಸ್. ತೆಗೆದುಹಾಕು ಅಂದವನು ಸತ್ತವನು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವಳು ಮಗನನ್ನು ಬಯ್ಯಲಿಲ್ಲ, ಇನ್ನು ಮೇಲೆ ಹೀಗೆ ಮಾಡು ಅಂತ ಬುದ್ಧಿಯನ್ನೂ ಹೇಳಲಿಲ್ಲ. ಸೆರಗು ಬಾಯಿಗೆ ಹಿಡಿದುಕೊಂಡು ಅತ್ತಳು.

ಗವಿಯ ಮುಖ ಸಣ್ಣಗಾಯಿತು. ಸುತ್ತ ನೋಡಿದ. ಆಮೇಲೆ ಟಿವಿಯ ಕಡೆ ತಿರುಗಿ, ನೆಟ್ಟಗೆ ಕೂತು, ಕೈಕಟ್ಟಿಕೊಂಡು ಎಣಿಸತೊಡಗಿದ. ಒಂದು, ಎರಡು, ಮೂರು. ಏನು ಎಣಿಸುತ್ತಿದ್ದೀಯೋ ಅಂದಳು ಯಶೋದೆ.

"ಏನೂ ಮಾಡ್ದೆ ಸುಮ್ನೆ ಕೂತ್ರೆ, ಹದಿನೈದು ಎಣಿಸೋ ಹೊತ್ಗೆ ಎಲ್ಲ ಮೊದಲಿನಂಗೇ ಆಗ್ತದೆ ಕಣಕ್ಕ. ಇಲಿಯಾಸಣ್ಣನೇ ಹೇಳವ್ರೆ."

ಇಲಿಯಾಸ್ ತಲೆ ತಗ್ಗಿಸಿದ. ಗವಿ ಎಣಿಸಿದ. ಹನ್ನೆರಡು ಅಂದ, ಹದಿಮೂರು ಅಂದ, ಹದಿನಾಲ್ಕು ಅಂದ. ಹದಿನೈದು ಅಂದಾಗ ಹೊಂಬಾಳಮ್ಮನೂ ಅಳು ನಿಲ್ಲಿಸಿ, ತಲೆಯೆತ್ತಿ ಟಿವಿಯ ಕಡೆ ನೋಡಿದಳು. ನೋಡಿದಳು ಅನ್ನುವುದನ್ನು ಹೇಳಲು ನನ್ನ ಕೈಲಾಗುವುದಿಲ್ಲ.

ಟಿವಿ ನೀಲಿಯಾಗೇ ಇತ್ತು. ಗವಿ ತಾಯಿಯ ಮುಖ ನೋಡಿದ, ಏನಾದರೂ ಹೇಳುತ್ತಾಳೋ ಅಂತ. ಅವಳ ಕಣ್ಣು ಟಿವಿ ಮೇಲೇ ಇತ್ತು. ಹದಿನೈದಕ್ಕೆ ನಿಲ್ಲಿಸು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಮತ್ತೆ ಟಿವಿಯ ಕಡೆ ತಿರುಗಿ, ಹದಿನಾರು ಅಂದ.